ಅರಸೀಕೆರೆಯಿಂದ ಬೇಲೂರಿಗೆ: ದುಡಿಯುವ ಮೈ, ಕೂತ ಮೈ

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳಗಾಗುವುದು ಬೇಗ. ಬೆಂಗಳೂರು ಕಡೆಯ ಗಾಡಿ ಬಂದು ನಿಂತ ಕೂಡಲೇ ಕಾಫಿ, ಇಡ್ಲಿ-ವಡೆಯವರ ಕೂಗು ಏಳುತ್ತದೆ. ಡಿಸೆಂಬರ್, ಜನವರಿ ತಿಂಗಳಾದರೆ ಅದರ ಜತೆಗೆ ಶಾಲಾ ಪ್ರವಾಸದ ಮಕ್ಕಳ ಗದ್ದಲವೂ ಸೇರಿಕೊಳ್ಳುತ್ತದೆ. ಗಾಡಿಯಿಂದ ಇಳಿದವರು ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಊರ ಕಡೆ ಬರಬೇಕು. ಅರ್ಧ ಹತ್ತುವಷ್ಟರಲ್ಲಿ ಕೆಲವು ಮಕ್ಕಳು ಕಂಬಿ ಹಿಡಿದು ನಿಂತುಬಿಡುತ್ತಾರೆ. ಅವರ ಬ್ಯಾಗು ಮೇಷ್ಟ್ರ ಹೆಗಲೇರುತ್ತದೆ. ಅದೇ ಹೊತ್ತಿಗೆ ಕೆಳಗೆ ಹಳಿಯ ಮೇಲೆ ಕೀಮನ್ ಒಬ್ಬರು ಸುತ್ತಿಗೆ, ಸ್ಪ್ಯಾನರು ಹೊತ್ತು ತಮ್ಮ ಪಾಲಿನ ದಾರಿಯನ್ನು ನಡೆದು ಪರೀಕ್ಷಿಸಲು ಹೊರಟಿರುತ್ತಾರೆ. ಸಡಿಲವಾದ ಕೀಲಿಗೆ ಒಂದು ಏಟು, ಮತ್ತೆ ನಡಿಗೆ. ಇದು ಅವರ ದಿನದಿನದ ಕೆಲಸ.

ಮೇಲ್ಸೇತುವೆಯ ಮೇಲೆ ಏದುಸಿರು ಬಿಡುವ ಹದಿಮೂರರ ಹುಡುಗ, ಕೆಳಗೆ ನಡೆದೇ ಹೋಗುವ ಐವತ್ತರ ನೌಕರ. ಈ ಇಬ್ಬರ ಎದೆಯೊಳಗಿನ ಹೃದಯ ಒಂದೇ ಬಗೆಯದು. ಆದರೆ ಅದಕ್ಕೆ ಸಿಕ್ಕಿರುವ ಅಭ್ಯಾಸ ಬೇರೆ ಬೇರೆ. ಹೀಗೆ ಬೇರೆ ಬೇರೆ ಜನರ ಮೈ ಹೇಗೆ ದುಡಿಯುತ್ತದೆ, ಆ ದುಡಿಮೆಯಿಂದ ಆರೋಗ್ಯಕ್ಕೆ ಆಗುವ ಲಾಭವೇನು ಎಂಬುದನ್ನು ತಿಳಿಯಲು ವಿಜ್ಞಾನಿಗಳು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಶ್ರಮಿಸುತ್ತಿದ್ದಾರೆ. ಅವರು ಮೊದಲು ಹೋಗಿ ನಿಂತ ಸ್ಥಳಗಳಲ್ಲಿ ಒಲಿಂಪಿಕ್ ಮೈದಾನ ಇರಲಿಲ್ಲ. ಬಸ್ ಡಿಪೊ ಇತ್ತು, ರೈಲ್ವೆ ಕಚೇರಿ ಇತ್ತು. ಅರಸೀಕೆರೆ, ಹಳೇಬೀಡು, ಬೇಲೂರುಗಳ ದಾರಿಯಲ್ಲಿ ಸಾಗುವವರಿಗೆ ಆ ಸಂಶೋಧನೆಗಳ ಸಾಕ್ಷ್ಯ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಹಳಿಯ ಪಾಠ

ಅರಸಿ ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಊರು ಅರಸೀಕೆರೆ. 1220ರ ಹೊತ್ತಿನ ಇಲ್ಲಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ ಹೊಯ್ಸಳ ಶಿಲ್ಪದಲ್ಲೇ ಅಪರೂಪದ್ದು. ಆದರೆ ನಾಡಿನ ಬಹುಪಾಲು ಜನರಿಗೆ ಅರಸೀಕೆರೆ ಎಂದರೆ ರೈಲು. ಒಂದು ಹಳಿ ಬೆಂಗಳೂರಿಗೆ, ಒಂದು ಹುಬ್ಬಳ್ಳಿಯ ಕಡೆಗೆ, ಇನ್ನೊಂದು ಹಾಸನದ ಮೇಲೆ ಮೈಸೂರಿಗೆ.

1962ರಲ್ಲಿ ಅಮೆರಿಕದ ಹೆನ್ರಿ ಟೇಲರ್ ಮತ್ತು ಸಂಗಡಿಗರು ಅಲ್ಲಿನ ರೈಲ್ವೆ ನೌಕರರ ಮರಣ ದಾಖಲೆಗಳನ್ನು ಅಭ್ಯಸಿಸಿ ವರದಿ ಪ್ರಕಟಿಸಿದರು. ಕುರ್ಚಿಯಲ್ಲಿ ಕೂತು ಬರೆಯುವ ಗುಮಾಸ್ತರು, ಯಾರ್ಡಿನಲ್ಲಿ ಓಡಾಡುವ ಪಾಯಿಂಟ್ಸ್‌ಮನ್ ತರಹದವರು, ಹಳಿಯ ಮೇಲೆ ಗುದ್ದಲಿ ಹಿಡಿಯುವ ಗ್ಯಾಂಗ್‌ಮನ್‌ಗಳು ಎಂದು ಅವರು ನೌಕರರನ್ನು ಮೂರು ಗುಂಪು ಮಾಡಿದ್ದರು. ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ಗುಮಾಸ್ತರಲ್ಲಿ ಗ್ಯಾಂಗ್‌ಮನ್‌ಗಳ ಸುಮಾರು ಎರಡರಷ್ಟಿತ್ತು. ಯಾರ್ಡಿನವರು ಇಬ್ಬರ ನಡುವೆ ಇದ್ದರು.

ಹಾಗಾದರೆ ಮೈ ಬಗ್ಗಿಸಿ ದುಡಿದರೆ ಸಾಕೇ? ಅಷ್ಟು ಸುಲಭವಲ್ಲ ಎಂದು ತೋರಿಸಿದ್ದೂ ರೈಲ್ವೆಯೇ, ಅದೂ ನಮ್ಮ ಭಾರತೀಯ ರೈಲ್ವೆ. 1967ರಲ್ಲಿ ರೈಲ್ವೆ ವೈದ್ಯ ಡಾ. ಎಸ್. ಎಲ್. ಮಲ್ಹೋತ್ರಾ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆಗಳನ್ನು ಪರಿಶೀಲಿಸಿ ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಿಸಿದರು. ಹೃದಯಾಘಾತದ ಸಾವು ಪಂಜಾಬಿನವರಿಗಿಂತ ದಕ್ಷಿಣದವರಲ್ಲಿ ಸುಮಾರು ಏಳು ಪಟ್ಟು ಹೆಚ್ಚಿತ್ತು. ತುಪ್ಪ, ಹಾಲಿನ ಕೊಬ್ಬು ಹೆಚ್ಚು ತಿನ್ನುತ್ತಿದ್ದವರು ಪಂಜಾಬಿನವರೇ! ಒಡೆಯ ಒಬ್ಬನೇ, ಇಲಾಖೆ ಒಂದೇ. ಆದರೂ ಇಷ್ಟು ಅಂತರ. ಇದಕ್ಕೆ ಮಲ್ಹೋತ್ರಾ ಅವರು ಆಹಾರದ ಬಗೆ, ಉಣ್ಣುವ ರೀತಿಯನ್ನು ಕಾರಣವೆಂದರು. ಆ ವಿವರಣೆಯನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ಆದರೆ ಒಂದು ಮಾತು ಮಾತ್ರ ಗಟ್ಟಿಯಾಯಿತು: ಒಂದು ದೇಶದ ಜನರಲ್ಲಿ ಕಂಡದ್ದನ್ನು ಇನ್ನೊಂದು ಕಡೆಯವರಿಗೆ ಕಣ್ಣುಮುಚ್ಚಿ ಅನ್ವಯಿಸಬಾರದು. ನಮ್ಮ ಜನರನ್ನು ನಮ್ಮಲ್ಲೇ ಅಳೆಯಬೇಕು.

ತೆಂಗಿನ ತೋಟದಲ್ಲಿ

ಊರು ದಾಟಿದರೆ ಕಣ್ಣು ಹಾಯುವವರೆಗೂ ತೆಂಗು. ಅರಸೀಕೆರೆ-ತಿಪಟೂರು ಸೀಮೆಯ ಕೊಬ್ಬರಿ ದೇಶಕ್ಕೇ ಹೆಸರುವಾಸಿ. ಮರ ಹತ್ತುವುದು, ಕಾಯಿ ಕೆಡವುವುದು, ಗಾಡಿಗೆ ಹೇರುವುದು, ಅಟ್ಟಕ್ಕೆ ಸಾಗಿಸುವುದು, ತಿಂಗಳುಗಟ್ಟಲೆ ಒಣಗಿದ ಮೇಲೆ ಇಳಿಸಿ ಸುಲಿದು ಒಡೆಯುವುದು, ಎಲ್ಲವೂ ಮೈಬಲದ ಕೆಲಸ. ನೆಲಕ್ಕೆ ನೆಟ್ಟ ಚೂಪಾದ ಕಬ್ಬಿಣದ ಮೇಲೆ ಕಾಯಿ ಕುಕ್ಕಿ ತಿರುವುವವರ ತೋಳು ನೋಡಿದರೆ ಯಾವ ಜಿಮ್ಮೂ ಬೇಕಿಲ್ಲ ಅನ್ನಿಸುತ್ತದೆ.

ಇಂಥ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ? ಎಷ್ಟು ಅನ್ನ, ಎಷ್ಟು ಮುದ್ದೆ ಬೇಕು? ಈ ಲೆಕ್ಕವನ್ನು ಹಾಕಿದವರು ಅರಸೀಕೆರೆಯ ಮೊದಲ ಹಳಿ ತಲುಪುವ ಊರಿನಲ್ಲಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರ ಕುರ್ಪಾಡ್, ಮಾರಿಯೋ ವಾಜ್ ಮೊದಲಾದವರು ಭಾರತೀಯರ ದೇಹ ಶಕ್ತಿಯನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದನ್ನು ವರ್ಷಾನುಗಟ್ಟಲೆ ಅಳೆದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಲುಗಾಡದೆ ಮಲಗಿದವರ ಉಸಿರನ್ನು ಅಳೆದರೆ, ಸುಮ್ಮನಿದ್ದಾಗ ದೇಹ ಸುಡುವ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಪ್ರಪಂಚವೆಲ್ಲ ಬಳಸುತ್ತಿದ್ದ ಸೂತ್ರಗಳು ಬಹುಮಟ್ಟಿಗೆ ಐರೋಪ್ಯರನ್ನು ಅಳೆದು ಮಾಡಿದವು. ಭಾರತೀಯರ ವಿಷಯದಲ್ಲಿ ಅವು ನಿಜಕ್ಕಿಂತ ಹೆಚ್ಚಿನ ಲೆಕ್ಕ ತೋರಿಸುತ್ತಿದ್ದವು.

ಇದರಿಂದ ಭಾರತೀಯರ ರಕ್ತವೇ ಬೇರೆ ಎಂದು ತೀರ್ಮಾನಿಸಬಹುದಿತ್ತು. ಸಂಶೋಧಕರು ಹಾಗೆ ಮಾಡಲಿಲ್ಲ. ದೇಹದ ಗಾತ್ರ, ಅದರಲ್ಲಿರುವ ಮಾಂಸಖಂಡದ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ಹೋಲಿಸಿದರು. ಅಂತರ ಬಹುಪಾಲು ಕರಗಿಹೋಯಿತು! ವ್ಯತ್ಯಾಸ ಜನಾಂಗದ್ದಕ್ಕಿಂತ ಹೆಚ್ಚಾಗಿ ಮಾಂಸಖಂಡದ್ದು. ಮಾಂಸಖಂಡ ಬೆಳೆಯುವುದು ಊಟದಿಂದ, ಚಟುವಟಿಕೆಯಿಂದ. ಮುಂದೆ 2005ರಲ್ಲಿ ಮಾರಿಯೋ ವಾಜ್ ಮತ್ತು ಸಹೋದ್ಯೋಗಿಗಳು ನಾನಾ ಬಗೆಯ ಕೆಲಸಗಳಿಗೆ ಖರ್ಚಾಗುವ ಶಕ್ತಿಯ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಬಡವನ ದುಡಿಮೆಯೇ ವ್ಯಾಯಾಮ ಎಂದು ಉಳ್ಳವರು ಹೇಳಿಬಿಡುವುದು ಸುಲಭ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತಿತರರ ಅಧ್ಯಯನಗಳು ಇದನ್ನು ಪ್ರಶ್ನಿಸಿವೆ. ದಿನವಿಡೀ ಭಾರ ಹೊರುವವನಿಗೆ ಯಾವಾಗ ನಿಲ್ಲಿಸಬೇಕು, ಎಷ್ಟು ಹೊರಬೇಕು ಎಂಬುದು ತನ್ನ ಕೈಯಲ್ಲಿಲ್ಲ. ವಿಶ್ರಾಂತಿ ಇಲ್ಲದ ದುಡಿಮೆ, ಬಿಡುವಿನಲ್ಲಿ ಇಷ್ಟಪಟ್ಟು ಆಡುವ ಆಟದಷ್ಟು ಒಳ್ಳೆಯದನ್ನು ಮಾಡುವುದಿಲ್ಲ. ತೆಂಗಿನ ಮರದಿಂದ ಇಳಿದವನಿಗೆ ಬೇಕಾಗಿರುವುದು ಓಟವಲ್ಲ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಓಟ ಬೇಕಾಗಿರುವುದು ಕೂತು ಓದುವವರಿಗೆ, ಕೂತು ದುಡಿಯುವವರಿಗೆ.

ಬಸ್ಸಿನೊಳಗಿನ ಸಂಶೋಧನೆ

ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗುವ ಬಸ್ಸು ಹೆಚ್ಚಾಗಿ ತುಂಬಿಯೇ ಇರುತ್ತದೆ. ಡ್ರೈವರ್ ತನ್ನ ಸೀಟಿನಲ್ಲಿ ಗಂಟೆಗಟ್ಟಲೆ ಅಲುಗದೆ ಕೂತಿರುತ್ತಾನೆ. ಕಂಡಕ್ಟರ್ ಮಾತ್ರ ‘ಒಳಗೆ ಹೋಗ್ರಿ, ಒಳಗೆ ಹೋಗ್ರಿ’ ಎನ್ನುತ್ತ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನುಗ್ಗುತ್ತಿರುತ್ತಾನೆ.

ಎಲ್ಲರೂ ನೋಡಿರುವ ಈ ದೃಶ್ಯವನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಲಂಡನ್ನಿನ ವೈದ್ಯ ಜೆರ್ರಿ ಮೋರಿಸ್. ಲಂಡನ್ನಿನ ಬಸ್ಸುಗಳಿಗೆ ಎರಡು ಅಂತಸ್ತು. ಆಗ ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. 1953ರಲ್ಲಿ ಮೋರಿಸ್ ಪ್ರಕಟಿಸಿದ ಅಧ್ಯಯನದಂತೆ, ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಡ್ರೈವರುಗಳಿಗಿಂತ ಕಡಿಮೆ ಇತ್ತು, ಬಂದರೂ ಅಷ್ಟು ಮಾರಕವಾಗಿರಲಿಲ್ಲ. ವ್ಯಾಯಾಮ ಮತ್ತು ಹೃದಯದ ಸಂಬಂಧ ಕುರಿತ ಆಧುನಿಕ ಸಂಶೋಧನೆ ಇಲ್ಲಿಂದಲೇ ಶುರುವಾಯಿತೆನ್ನಬಹುದು.

ಮೋರಿಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೆ? ಆಗ ತಪ್ಪು ಸೀಟಿನದೋ ಸೊಂಟದ್ದೋ? ಅವರು ಸಂಸ್ಥೆಯವರು ಸಮವಸ್ತ್ರ ಹೊಲಿಸಲು ಬರೆದಿಟ್ಟಿದ್ದ ಅಳತೆಗಳನ್ನು ಹುಡುಕಿ ತೆಗೆದರು. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳ ಪ್ಯಾಂಟಿನ ಸೊಂಟದಳತೆ ಸ್ವಲ್ಪ ಹೆಚ್ಚಿತ್ತು! ತಮ್ಮ ವಾದಕ್ಕೆ ಅಡ್ಡಬರುವ ಈ ಸಂಗತಿಯನ್ನು ಮುಚ್ಚಿಡದೆ 1956ರಲ್ಲಿ ಅವರೇ ಪ್ರಕಟಿಸಿದರು. ವಿಜ್ಞಾನ ಓದುವ ಮಕ್ಕಳು ನೆನಪಿಡಬೇಕಾದ ಪ್ರಾಮಾಣಿಕತೆ ಇದು. ಮೋರಿಸ್ ಸ್ವತಃ ವ್ಯಾಯಾಮ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು ವರ್ಷ.

ದಾರಿಯಲ್ಲಿ ಜಾವಗಲ್ ಬಂದಾಗ ಬಸ್ಸಿನೊಳಗಿನ ಹುಡುಗರು ಕಿಟಕಿಗೆ ಮುಗಿಬೀಳುತ್ತಾರೆ. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಹೆಸರಿನಲ್ಲಿ ಹೊತ್ತದ್ದು ಈ ಹಳ್ಳಿಯನ್ನು. ವೇಗದ ಬೌಲಿಂಗ್ ನಮ್ಮ ಮೈಗೆ ಒಗ್ಗುವುದಲ್ಲ, ನಮ್ಮದೇನಿದ್ದರೂ ಸ್ಪಿನ್ ಎಂಬ ಮಾತು ಇದ್ದ ಕಾಲದಲ್ಲಿ ಅವರು 67 ಟೆಸ್ಟುಗಳಲ್ಲಿ 236 ವಿಕೆಟ್ ಕಿತ್ತರು. ಅವರು ಎಂಜಿನಿಯರಿಂಗ್ ಪದವೀಧರರೂ ಹೌದು. ಆಟವೋ ಪಾಠವೋ ಎಂದು ಮಕ್ಕಳನ್ನು ಕವಲುದಾರಿಯಲ್ಲಿ ನಿಲ್ಲಿಸುವ ತಂದೆತಾಯಿಗಳು ಈ ಊರಿನ ಬೋರ್ಡನ್ನು ಒಮ್ಮೆ ಓದಿಕೊಳ್ಳಬೇಕು.

ಹಳೇಬೀಡಿನ ಜಗತಿಯ ಮೇಲೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮುಂದೆ ಚಪ್ಪಲಿ ಬಿಟ್ಟು ಜಗತಿ ಏರಬೇಕು. ಮಧ್ಯಾಹ್ನವಾದರೆ ಕಲ್ಲು ಕಾದ ಹೆಂಚು. ಮಕ್ಕಳು ಕುಣಿಯುತ್ತ ನೆರಳಿಗೆ ಓಡುತ್ತಾರೆ. 1121ರ ಸುಮಾರಿಗೆ ಕಟ್ಟಲು ತೊಡಗಿದ ಈ ಗುಡಿಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳು ಸಾವಿರಕ್ಕೂ ಹೆಚ್ಚು. ಒಂದರಂತೆ ಇನ್ನೊಂದಿಲ್ಲ. ಅವುಗಳ ಮೇಲೆ ಸಿಂಹ, ಬಳ್ಳಿ, ಓಡುವ ಕುದುರೆ. ಇನ್ನೂ ಮೇಲೆ ಗೋವರ್ಧನ ಎತ್ತಿದ ಕೃಷ್ಣ, ಕೈಲಾಸವನ್ನೇ ಅಲುಗಿಸಿದ ರಾವಣ. ಬಳಪದ ಕಲ್ಲಿನ ಈ ಗೋಡೆಯ ತುಂಬ ಮೈ ದುಡಿಯುತ್ತಿದೆ: ಎತ್ತುವ, ಎಳೆಯುವ, ಬಿಲ್ಲು ಬಗ್ಗಿಸುವ, ಕುಣಿಯುವ ಮೈ.

ಗೋಡೆಯ ಮುಂದೆ ನಿಂತು ನೋಡುವ ಮೈಗಳ ಕತೆ ಬೇರೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪಾಲ್ಗೊಂಡ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ, 2000ರಲ್ಲಿ ಭಾರತದ ವಯಸ್ಕರಲ್ಲಿ ಶೇಕಡಾ 22ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. 2022ಕ್ಕೆ ಇದು ಶೇಕಡಾ 49ಕ್ಕೇರಿತು. ಎರಡೇ ದಶಕಗಳಲ್ಲಿ ಅರ್ಧ ದೇಶ ಕೂತುಬಿಟ್ಟಿತು! 11ರಿಂದ 17 ವರ್ಷದ ಮಕ್ಕಳ ವಿಷಯ ಇನ್ನೂ ಕಳವಳಕಾರಿ. ದಿನಕ್ಕೆ ಒಂದು ಗಂಟೆ ಆಡಬೇಕೆಂಬುದು ಸಂಸ್ಥೆಯ ಸಲಹೆ. 2016ರ ಅಂಕಿಅಂಶದಂತೆ ಪ್ರಪಂಚದಲ್ಲಿ ಶೇಕಡಾ 81ರಷ್ಟು ಮಕ್ಕಳು ಅಷ್ಟು ಆಡುತ್ತಿರಲಿಲ್ಲ. ಭಾರತದಲ್ಲಿ ನಾಲ್ವರಲ್ಲಿ ಸುಮಾರು ಮೂವರು ಹಾಗಿದ್ದರು. ಓದಿಗೆ ಹೆಸರಾದ ದಕ್ಷಿಣ ಕೊರಿಯಾದಲ್ಲಿ ಅಂಥವರು ಶೇಕಡಾ 94!

‘ನಮ್ಮ ಹುಡುಗ ಕಡ್ಡಿ ಹಾಗಿದ್ದಾನೆ, ಅವನಿಗೇಕೆ ವ್ಯಾಯಾಮ?’ ಎಂಬುದು ತಾಯಂದಿರ ಮಾತು. ಇದಕ್ಕೆ ಉತ್ತರ ಅರಸೀಕೆರೆಯ ಎರಡನೆಯ ಹಳಿಯ ದಿಕ್ಕಿನಲ್ಲಿ, ಹುಬ್ಬಳ್ಳಿ ದಾಟಿ ಪುಣೆಯಲ್ಲಿ ಸಿಗುತ್ತದೆ. ಅಲ್ಲಿನ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ತುಂಬಿಕೊಂಡಿರುವುದು ಭಾರತೀಯರ ಮೈಯ ಗುಣ. ಆದ್ದರಿಂದಲೇ ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು ಸೂಚ್ಯಂಕ 23ರಲ್ಲೇ ಎಚ್ಚರಗೊಳ್ಳಬೇಕೆಂದರು. ಕಡ್ಡಿಯಂತಿದ್ದ ಮಾತ್ರಕ್ಕೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದೇನಿಲ್ಲ.

ಹಾಗೆಂದು ಎಲ್ಲವನ್ನೂ ಹುಟ್ಟಿನ ತಲೆಗೆ ಕಟ್ಟುವುದೂ ತಪ್ಪು. ಅದೇ ಹಳಿಯ ದಿಕ್ಕಿನಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದಿತು. ಕೆಲವರು ಪದಕಗಳನ್ನೂ ತಂದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಹಲವರು ಊರಿಗೆ ಮರಳಿದರು. ಮೈಯಲ್ಲಿ ಎಂಥ ಕಸುವಿದ್ದರೂ ಊಟ, ಗುರು, ಮೈದಾನ, ಮುಂದಿನ ಬದುಕಿನ ಭರವಸೆ ಇಲ್ಲದಿದ್ದರೆ ಅದು ಪದಕವಾಗುವುದಿಲ್ಲ.

ಬೇಲೂರಿನ ಬಾಲೆಯರು

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಯಗಚಿಯ ದಡದ ಈ ಊರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅವನ ರಾಣಿ ಶಾಂತಲೆ ನೃತ್ಯ, ಸಂಗೀತಗಳಲ್ಲಿ ಪರಿಣತೆಯೆಂದು ಶಾಸನಗಳು ಹೊಗಳುತ್ತವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಹೋದ ಮದನಿಕೆಯರು ಇಂದಿಗೂ ಮಾಡಿನ ಕೆಳಗೆ ನಿಂತಿದ್ದಾರೆ. ಕತ್ತೆತ್ತಿ ನೋಡಿದರೆ ಒಬ್ಬಳು ಕನ್ನಡಿ ಹಿಡಿದವಳು. ಆದರೆ ಎಲ್ಲರೂ ಕನ್ನಡಿ ಹಿಡಿದವರಲ್ಲ. ಒಬ್ಬಳು ಡೋಲು ಬಾರಿಸುತ್ತಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ, ಇನ್ನೊಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ.

ಅವರ ಕೆಳಗೆ ಪ್ರವಾಸಕ್ಕೆ ಬಂದ ಹುಡುಗಿಯರು. ಹುಡುಗರು ಹುಲ್ಲಿನ ಮೇಲೆ ಓಡಾಡುತ್ತಿದ್ದರೆ ಬ್ಯಾಗು, ನೀರಿನ ಬಾಟಲಿ ಕಾಯಲು ಕೂರುವವರು ಹೆಚ್ಚಾಗಿ ಅವರೇ. ಅಂಕಿಅಂಶ ಇದನ್ನೇ ಹೇಳುತ್ತದೆ. 2022ರಲ್ಲಿ ಚಟುವಟಿಕೆ ಸಾಲದ ಗಂಡಸರು ಭಾರತದಲ್ಲಿ ಶೇಕಡಾ 42 ಇದ್ದರೆ ಹೆಂಗಸರು ಶೇಕಡಾ 57. ಮನೆಗೆಲಸ ಸಾಲದೇ ಎಂದು ಕೇಳುವವರಿದ್ದಾರೆ. ಆದರೆ ಮನೆಗೆಲಸವೂ ಸೇರಿದ ಮೇಲೆ ಬಂದ ಲೆಕ್ಕವಿದು. ದೊಡ್ಡವಳಾದ ಮೇಲೆ ಆಟ ಬೇಡ, ಬೀದಿಯಲ್ಲಿ ಓಡಬೇಡ, ಕತ್ತಲಾಗುವ ಮುಂಚೆ ಮನೆ ಸೇರು, ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತದೆ. ಒಂಬೈನೂರು ವರ್ಷಗಳ ಹಿಂದೆ ಶಿಲ್ಪಿ ಕಲ್ಲಿನ ಹುಡುಗಿಗೆ ಕೊಟ್ಟ ಬಿಲ್ಲನ್ನು ನಾವು ನಮ್ಮ ಮನೆಯ ಹುಡುಗಿಯ ಕೈಗೆ ಕೊಡಲು ಹಿಂಜರಿಯುತ್ತೇವೆ.

ಮೂರನೆಯ ಹಳಿ

ಅರಸೀಕೆರೆಯ ಮೂರನೆಯ ಹಳಿ ಹಾಸನ ದಾಟಿ ಮೈಸೂರು ಸೇರುತ್ತದೆ. ಅಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ತಪ್ಪದೆ ಬರೆದಿಟ್ಟಿದ್ದರು. ಆರು ದಶಕಗಳ ನಂತರ ಸಂಶೋಧಕರು ಆ ಕೂಸುಗಳನ್ನು, ಅಂದರೆ ಅಷ್ಟರಲ್ಲಿ ನಡುವಯಸ್ಸು ದಾಟಿದವರನ್ನು, ಮನೆಮನೆ ತಿರುಗಿ ಹುಡುಕಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ಕಾಯಿಲೆ ಇತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇಕಡಾ 3. ಬಸುರಿಯ ಊಟ ಮಗುವಿನ ಐವತ್ತನೆಯ ವಯಸ್ಸಿನ ಹೃದಯವನ್ನೂ ಮುಟ್ಟುತ್ತದೆ!

ಹಾಗಾದರೆ ಎಲ್ಲವೂ ಹುಟ್ಟುವಾಗಲೇ ಹಣೆಯಲ್ಲಿ ಬರೆದಾಯಿತೇ? ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಆ ತಾಯಂದಿರ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಅವರ ಸೊಂಟಕ್ಕೆ ಪುಟ್ಟ ಚಲನಮಾಪಕಗಳನ್ನು ಕಟ್ಟಿ ಓಡಾಟವನ್ನು ಅಳೆದರು. ಸಣ್ಣಗೆ ಹುಟ್ಟಿದ ಮಗು ಕಡಿಮೆ ಓಡುತ್ತದೆಂಬ ಶಂಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ಹುಟ್ಟಿನ ತೂಕವನ್ನು ಈಗ ಬದಲಿಸಲಾಗದು. ಸಂಜೆಯ ಆಟವನ್ನು ಬದಲಿಸಬಹುದು.

ಎಸ್ಸೆಸ್ಸೆಲ್ಸಿ ವರ್ಷ ಬಂತೆಂದರೆ ಅನೇಕ ಕಡೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಸಂಜೆ ಟ್ಯೂಷನ್ನಿಗೆ ಹೋಗುತ್ತದೆ. ತಂದೆತಾಯಿಗಳ ಆತಂಕ ಸುಳ್ಳಲ್ಲ. ಮಾರ್ಕು ಬದುಕಿನ ದಾರಿ. ಆದರೆ ಚಟುವಟಿಕೆಯಿಂದ ಮಕ್ಕಳ ಗಮನ, ಕಲಿಕೆ ಎರಡೂ ಸುಧಾರಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ದೊಡ್ಡವರಿಗೆ ಅದೇ ಮಾರ್ಗಸೂಚಿ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ಚಟುವಟಿಕೆ. ಎಷ್ಟು ಚುರುಕು? ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ.

ಮನೆಗೆ ಮರಳುವ ಮುನ್ನ ಅರಸೀಕೆರೆಯ ಹತ್ತಿರದ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋಗಬಹುದು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ವಿಜ್ಞಾನದ ಮೇಷ್ಟ್ರು ಮನಸ್ಸು ಮಾಡಿದರೆ ಅದೇ ಪ್ರಯೋಗಶಾಲೆ. ಬುಡದಲ್ಲಿ ಕೂತು ಒಂದು ನಿಮಿಷದ ನಾಡಿ ಎಣಿಸಿ ಬರೆದುಕೊಳ್ಳಬೇಕು. ನೂರು ಮೆಟ್ಟಿಲು ಹತ್ತಿದ ಕೂಡಲೇ ಮತ್ತೊಮ್ಮೆ, ಎರಡು ನಿಮಿಷ ಕೂತ ಮೇಲೆ ಇನ್ನೊಮ್ಮೆ ಎಣಿಸಬೇಕು. ಏರಿದ ನಾಡಿ ಬೇಗ ಇಳಿದಷ್ಟೂ ಹೃದಯ ಪಳಗಿದೆ ಎಂದರ್ಥ. 1940ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರೂಪಿಸಿದ ಮೆಟ್ಟಿಲು ಪರೀಕ್ಷೆಯ ತತ್ತ್ವವೂ ಇದೇ. ಮೂರು ತಿಂಗಳು ದಿನವೂ ಆಡಿ ಮತ್ತೆ ಎಣಿಸಿದರೆ ಅಂಕಿಗಳು ತಾವೇ ಮಾತಾಡುತ್ತವೆ. ಹೃದಯದ ತೊಂದರೆ ಇರುವವರು, ಎದೆನೋವು ಬರುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಸಂಜೆ ಮತ್ತೆ ಅದೇ ಜಂಕ್ಷನ್, ಅದೇ ಮೇಲ್ಸೇತುವೆ. ಬೆಳಗ್ಗೆ ಹಳಿ ನೋಡಲು ಹೋದ ಕೀಮನ್ ಕೆಲಸ ಮುಗಿಸಿ ಮನೆ ಸೇರಿರುತ್ತಾರೆ. ಮಕ್ಕಳು ದಣಿದಿರುತ್ತಾರೆ, ಆದರೆ ದಿನವಿಡೀ ನಡೆದ ದಣಿವದು. ಈ ಬಾರಿ ತಮ್ಮ ಬ್ಯಾಗನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿದರೆ ಪ್ರವಾಸ ಸಾರ್ಥಕ.

ಹೋಗುವ ದಾರಿ: ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಿಂದ ಅರಸೀಕೆರೆಗೆ ರೈಲಿದೆ. ಅಲ್ಲಿಂದ ಹಳೇಬೀಡು, ಬೇಲೂರುಗಳಿಗೆ ಬಸ್ಸಿನಲ್ಲಿ ಹೋಗಬಹುದು. ಹಾಸನದ ಮೇಲೆ ಬರುವವರಿಗೆ ಬೇಲೂರು ಸುಮಾರು 40 ಕಿಲೋಮೀಟರ್. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಬೆಳಗ್ಗೆ ಬೇಗ ಹೋದರೆ ಕಾಲಿಗೆ ಕಲ್ಲು ಸುಡುವುದಿಲ್ಲ.